ಓದುವುದೇ, ನೋಡುವುದೇ: ಒಂದೇ ಕಥೆಯ ಹಲವು ರೂಪಗಳಲ್ಲಿ ಆರಿಸಿಕೊಳ್ಳುವ ಬಗೆ

ಜನಪ್ರಿಯವಾದ ಕಥೆಯೊಂದು ಹುಟ್ಟಿದ ರೂಪದಲ್ಲಿಯೇ ಉಳಿಯುವುದು ನಮ್ಮಲ್ಲಿ ಕಡಿಮೆ. ತ.ರಾ.ಸು. ಅವರ ಕಾದಂಬರಿ ಪುಟ್ಟಣ್ಣ ಕಣಗಾಲರ ಚಿತ್ರವಾಗಿ, ಆ ಚಿತ್ರ ಮತ್ತೆ ಹಿಂದಿಗೆ ಹೋಗುತ್ತದೆ. ಕುವೆಂಪು ಅವರ ಬೃಹತ್ ಕಾದಂಬರಿ ಇಡೀ ರಾತ್ರಿಯ ನಾಟಕವಾಗುತ್ತದೆ. ಮಲಯಾಳದ ಚಿತ್ರವೊಂದು ಕನ್ನಡಕ್ಕೆ ಬಂದು ಮರುವರ್ಷವೇ ತಮಿಳಿಗೆ ದಾಟುತ್ತದೆ. ಇವೆಲ್ಲವನ್ನೂ ಓದಿ ನೋಡುವಷ್ಟು ಪುರುಸೊತ್ತು ಯಾರಿಗೂ ಇಲ್ಲದಿರುವುದರಿಂದ, ಯಾವ ರೂಪವನ್ನು ಹಿಡಿಯಬೇಕು, ಎರಡನ್ನೂ ಹಿಡಿಯುವುದಾದರೆ ಯಾವುದನ್ನು ಮೊದಲು ಹಿಡಿಯಬೇಕು ಎಂಬ ಪ್ರಶ್ನೆ ಏಳುತ್ತದೆ. ಮೊದಲು ಪುಸ್ತಕ, ಆಮೇಲೆ ಸಿನಿಮಾ ಎಂಬ ಹಿರಿಯರ ಬುದ್ಧಿಮಾತು ಗೌರವಕ್ಕೆ ಯೋಗ್ಯವಾದದ್ದೇ ಆದರೂ ಎಲ್ಲ ಕಥೆಗಳಿಗೂ ಅದು ಹೊಂದುವುದಿಲ್ಲ. ಕಥೆಯ ಜೀವ ಎಲ್ಲಿದೆ ಎಂಬುದನ್ನು ಮೊದಲು ವಿಚಾರಿಸಿಕೊಳ್ಳುವುದು ಹೆಚ್ಚು ಉಪಯುಕ್ತ ಎಂದು ನನ್ನ ಅಭಿಪ್ರಾಯ. ಆ ಜೀವ ಪಾತ್ರದ ಮನಸ್ಸಿನೊಳಗೆ ಇರಬಹುದು, ಕಣ್ಣು ಕಿವಿಗಳಿಗೆ ದಕ್ಕುವ ಊರು, ದನಿ, ಮುಖಗಳಲ್ಲಿ ಇರಬಹುದು, ಇಲ್ಲವೇ ಕೊನೆಯವರೆಗೂ ಬಚ್ಚಿಟ್ಟ ಗುಟ್ಟಿನಲ್ಲಿ ಇರಬಹುದು. ಈ ಮೂರರಲ್ಲಿ ಯಾವುದು ಎಂದು ತಿಳಿದರೆ ಆಯ್ಕೆ ಬಹುಮಟ್ಟಿಗೆ ತಾನಾಗಿಯೇ ಆಗುತ್ತದೆ.

ಮನಸ್ಸಿನೊಳಗೆ ನಡೆಯುವ ಕಥೆ

ಯು.ಆರ್. ಅನಂತಮೂರ್ತಿ ಅವರ ‘ಸಂಸ್ಕಾರ’ 1965ರಲ್ಲಿ ಪ್ರಕಟವಾಯಿತು. ಪಟ್ಟಾಭಿರಾಮ ರೆಡ್ಡಿ ನಿರ್ದೇಶಿಸಿದ ಚಿತ್ರ 1970ರಲ್ಲಿ ಸಿದ್ಧವಾದಾಗ ಮದ್ರಾಸಿನ ಸೆನ್ಸಾರ್ ಮಂಡಳಿ ಮೊದಲು ಅನುಮತಿ ನಿರಾಕರಿಸಿತ್ತು. ಆ ತಡೆ ದಾಟಿ ಬಂದ ಚಿತ್ರ ಆ ವರ್ಷದ ಅತ್ಯುತ್ತಮ ಭಾರತೀಯ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯನ್ನೂ ಪಡೆಯಿತು. ಅಗ್ರಹಾರದ ಪಂಡಿತ ಪ್ರಾಣೇಶಾಚಾರ್ಯನಾಗಿ ಗಿರೀಶ ಕಾರ್ನಾಡ, ಆಚಾರ ಮುರಿದು ಬದುಕಿ ಸತ್ತ ನಾರಣಪ್ಪನಾಗಿ ಪಿ. ಲಂಕೇಶ್, ಅವನ ಸಂಗಾತಿ ಚಂದ್ರಿಯಾಗಿ ಸ್ನೇಹಲತಾ ರೆಡ್ಡಿ ನಟಿಸಿದ್ದಾರೆ. ಕ್ಯಾಮರಾ ಹಿಡಿದವರು ಆಸ್ಟ್ರೇಲಿಯಾದ ಟಾಮ್ ಕೋವನ್. ಹೊರಗಿನಿಂದ ಬಂದ ಕಣ್ಣು ಅಗ್ರಹಾರದ ಜಗಲಿ, ಕಂಬ, ಒದ್ದೆ ಅಂಗಳಗಳನ್ನು ನೋಡಿದ ರೀತಿ ಇಂದಿಗೂ ಹೊಸದಾಗಿಯೇ ಕಾಣುತ್ತದೆ. ಹೆಣ ಎತ್ತುವವರಿಲ್ಲದೆ ಹಸಿದು ಕುಳಿತ ಬ್ರಾಹ್ಮಣರ ಮುಖಗಳು, ಚಂದ್ರಿ ತೆಗೆದಿಟ್ಟ ಒಡವೆಯ ಮೇಲೆ ಹರಿದಾಡುವ ಆಸೆ, ಇವುಗಳ ಮಟ್ಟಿಗೆ ಚಿತ್ರ ಕಾದಂಬರಿಗಿಂತ ಒಂದು ಕೈ ಮೇಲೆಂದರೂ ತಪ್ಪಿಲ್ಲ.

ಆದರೆ ಕಾದಂಬರಿಯ ತೂಕ ಇರುವುದು ಉತ್ತರಾರ್ಧದಲ್ಲಿ. ಅಗ್ರಹಾರ ಬಿಟ್ಟು ಹೊರಟ ಪ್ರಾಣೇಶಾಚಾರ್ಯ ಕಾಡುದಾರಿಯಲ್ಲಿ, ಪುಟ್ಟನ ಜೊತೆಯಲ್ಲಿ, ಜಾತ್ರೆಯ ಗದ್ದಲದಲ್ಲಿ ನಡೆಯುತ್ತಲೇ ಇರುತ್ತಾನೆ. ಘಟಿಸುವುದೆಲ್ಲ ಅವನ ಒಳಗೆ. ಓಡಿಹೋಗುತ್ತಿದ್ದೇನೆಯೇ, ಹುಡುಕುತ್ತಿದ್ದೇನೆಯೇ ಎಂದು ಅವನಿಗೇ ತಿಳಿಯದ ಆ ಸ್ಥಿತಿಯನ್ನು ಗದ್ಯ ವಾಕ್ಯ ವಾಕ್ಯವಾಗಿ ಬಿಡಿಸಬಲ್ಲದು. ಕ್ಯಾಮರಾಕ್ಕೆ ನಡೆಯುತ್ತಿರುವ ಒಬ್ಬ ಮನುಷ್ಯ ಮಾತ್ರ ಸಿಗುತ್ತಾನೆ, ಆ ಮನುಷ್ಯ ಎಷ್ಟೇ ಒಳ್ಳೆಯ ನಟನಾಗಿದ್ದರೂ. ಹೀಗಾಗಿ ಇಲ್ಲಿ ಕಾದಂಬರಿಯೇ ಮೊದಲು. ಅದು ಚಿಕ್ಕ ಪುಸ್ತಕ, ಒಂದೆರಡು ಸಂಜೆಯ ಓದು. ಇನ್ನೊಂದು ಕಾರಣವೂ ಇದೆ: ಕಾದಂಬರಿಯಲ್ಲಿ ನಾರಣಪ್ಪ ಮೊದಲ ಪುಟಗಳಲ್ಲಿಯೇ ಹೆಣ, ಆಮೇಲೆ ಇತರರ ನೆನಪುಗಳಲ್ಲಿ ಮಾತ್ರ ಮಾತನಾಡುವವನು, ಅವನ ಮುಖವನ್ನು ಓದುಗ ತಾನೇ ಕಟ್ಟಿಕೊಳ್ಳಬೇಕು. ಚಿತ್ರವನ್ನು ಮೊದಲು ನೋಡಿದವರಿಗೆ ಆ ಮುಖ ಎಂದೆಂದಿಗೂ ಲಂಕೇಶರದೇ.

ಎಸ್.ಎಲ್. ಭೈರಪ್ಪನವರ ‘ವಂಶವೃಕ್ಷ’ಕ್ಕೂ ಇದೇ ಮಾತು ಸಲ್ಲುತ್ತದೆ. ಬಿ.ವಿ. ಕಾರಂತ ಮತ್ತು ಕಾರ್ನಾಡ ಸೇರಿ ಮಾಡಿದ ಚಿತ್ರ ಗಂಭೀರವಾದ ಪ್ರಯತ್ನವೇ ಹೌದು, ಆದರೆ ಶ್ರೀನಿವಾಸ ಶ್ರೋತ್ರಿಗಳ ಧರ್ಮಜಿಜ್ಞಾಸೆ ಪುಟಗಟ್ಟಲೆ ಬೆಳೆಯಬೇಕಾದದ್ದು. ಬಾಪು ಇದನ್ನೇ 1980ರಲ್ಲಿ ತೆಲುಗಿನಲ್ಲಿ ಚಿತ್ರವಾಗಿಸಿದರು. ಅನಿಲ್ ಕಪೂರ್ ಅದರಲ್ಲಿ ನಟಿಸಿದ್ದರೆಂಬ ಕುತೂಹಲಕ್ಕಾಗಿ ಹುಡುಕಿ ನೋಡುವವರು ನೋಡಬಹುದು.

ದನಿ, ಊರು, ಮುಖ

ಶಿವರಾಮ ಕಾರಂತರ ‘ಚೋಮನ ದುಡಿ’ 1933ರ ಕಾದಂಬರಿ; ಬಿ.ವಿ. ಕಾರಂತರ ಚಿತ್ರ 1975ರದು. ತುಂಡು ನೆಲವನ್ನು ಉಳಬೇಕೆಂಬ ಆಸೆ ಚೋಮನಿಗೆ. ಜಾತಿಯ ಕಾರಣಕ್ಕೆ ಆ ನೆಲ ಅವನಿಗೆ ಸಿಗದು. ಸಿಟ್ಟು, ದುಃಖ, ಕುಡಿತದ ಅಮಲು ಎಲ್ಲವೂ ಅವನ ದುಡಿ ಎಂಬ ಚರ್ಮವಾದ್ಯದ ಮೂಲಕವೇ ಹೊರಬರುತ್ತವೆ. ಕಾದಂಬರಿ ಆ ದುಡಿಯ ಸದ್ದನ್ನು ವರ್ಣಿಸುತ್ತದೆ, ಚಿತ್ರ ಅದನ್ನು ಕೇಳಿಸುತ್ತದೆ. ನಿರ್ದೇಶಕರು ರಂಗಸಂಗೀತದಲ್ಲಿ ಮುಳುಗಿ ಎದ್ದವರಾದದ್ದರಿಂದ ಎಲ್ಲಿ ಬಾರಿಸಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಚೋಮನಾಗಿ ನಟಿಸಿದ ವಾಸುದೇವ ರಾವ್ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಆ ಬಾಗಿದ ಬೆನ್ನು ಮತ್ತು ಉರಿಯುವ ಕಣ್ಣುಗಳನ್ನು ನೋಡಿದ ಮೇಲೆ ಕಾದಂಬರಿ ಓದಿದರೆ ಓದಿಗೆ ನಷ್ಟವಿಲ್ಲ, ಲಾಭವೇ ಹೆಚ್ಚು. ಇಂಥಲ್ಲಿ ಚಿತ್ರವನ್ನೇ ಮೊದಲು ನೋಡಿ ಎಂದು ನಾನು ಹೇಳುತ್ತೇನೆ.

‘ನಾಗರಹಾವು’ ಇದಕ್ಕಿಂತ ತೊಡಕಿನ ಪ್ರಕರಣ, ಮತ್ತು ಅದೇ ಕಾರಣಕ್ಕೆ ಹೆಚ್ಚು ಸ್ವಾರಸ್ಯದ್ದು. 1972ರ ಈ ಚಿತ್ರ ತ.ರಾ.ಸು. ಅವರ ಒಂದಲ್ಲ, ಮೂರು ಕಾದಂಬರಿಗಳನ್ನು ಒಟ್ಟುಗೂಡಿಸಿಕೊಂಡಿದೆ: ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’ ಮತ್ತು ‘ಸರ್ಪಮತ್ಸರ’. ಮೂರು ಪುಸ್ತಕಗಳ ಸಾಮಗ್ರಿಯನ್ನು ಒಂದು ಚಿತ್ರದೊಳಗೆ ಕೂರಿಸಬೇಕಾದಾಗ ಏನನ್ನು ಬಿಡಬೇಕು ಎಂಬುದೇ ನಿರ್ದೇಶಕನ ದೊಡ್ಡ ನಿರ್ಧಾರವಾಗುತ್ತದೆ. ಪುಟ್ಟಣ್ಣ ಉಳಿಸಿಕೊಂಡದ್ದು ರಾಮಾಚಾರಿಯ ಸಿಟ್ಟು, ಅವನಿಗೂ ಚಾಮಯ್ಯ ಮೇಷ್ಟರಿಗೂ ಇರುವ ನಂಟು, ಅಲಮೇಲು ಮತ್ತು ಮಾರ್ಗರೆಟ್ ಎಂಬ ಇಬ್ಬರು ಹೆಣ್ಣುಮಕ್ಕಳು. ಎಲ್ಲಕ್ಕೂ ಹಿನ್ನೆಲೆಯಾಗಿ ಚಿತ್ರದುರ್ಗದ ಕೋಟೆ. ಕೋಟೆಯನ್ನು ಸುಮ್ಮನೆ ಹಿಂದೆ ನಿಲ್ಲಿಸದೆ, ಜಯಂತಿ ಅವರಿಂದ ಓಬವ್ವನ ಪಾತ್ರ ಮಾಡಿಸಿ, ಹಾಡಿನ ಮೂಲಕ ಊರಿನ ಚರಿತ್ರೆಯನ್ನೇ ಕಥೆಯೊಳಗೆ ಕರೆತಂದರು. ಈ ಕಾದಂಬರಿಗಳನ್ನು ಒಂದಕ್ಷರವೂ ಓದದ ಲಕ್ಷಾಂತರ ಜನರಿಗೆ ಓಬವ್ವನ ಒನಕೆ ಕಣ್ಣಿಗೆ ಕಟ್ಟಿರುವುದು ಈ ಚಿತ್ರದಿಂದಲೇ.

ಹಾಗಾದರೆ ಕಾದಂಬರಿ ಬೇಡವೇ? ಬೇಕು, ಆದರೆ ಬೇರೆಯ ಉದ್ದೇಶಕ್ಕೆ. ಚಿತ್ರದ ರಾಮಾಚಾರಿಯಲ್ಲಿ ವಿಷ್ಣುವರ್ಧನರ ತಾರುಣ್ಯ ಮತ್ತು ಹಾಡುಗಳು ಸೇರಿ ಅವನ ಒರಟುತನ ಪ್ರಿಯವಾಗಿಬಿಡುತ್ತದೆ. ಅವನನ್ನು ಮೆಚ್ಚದೆಯೂ ಅರ್ಥಮಾಡಿಕೊಳ್ಳಬೇಕೆಂಬವರು ಪುಸ್ತಕಗಳಿಗೆ ಹೋಗಬೇಕು. ಕೆ.ಎಸ್. ಅಶ್ವಥ್ ಅವರ ಚಾಮಯ್ಯ ಮೇಷ್ಟರ ವಿಷಯದಲ್ಲಿ ಮಾತ್ರ ನನಗೆ ಯಾವ ತಕರಾರೂ ಇಲ್ಲ; ಓದುವಾಗಲೂ ಅವರ ದನಿಯೇ ಕೇಳಿಸಿದರೆ ಕೇಳಿಸಲಿ.

ಇದೇ ಚಿತ್ರವನ್ನು ಪುಟ್ಟಣ್ಣನವರೇ 1974ರಲ್ಲಿ ‘ಜಹ್ರೀಲಾ ಇನ್ಸಾನ್’ ಎಂಬ ಹೆಸರಿನಲ್ಲಿ, ರಿಷಿ ಕಪೂರ್ ಅವರನ್ನು ನಾಯಕನನ್ನಾಗಿಸಿ ಹಿಂದಿಯಲ್ಲಿ ತೆಗೆದರು. ನಿರ್ದೇಶಕ ಅವರೇ, ಕಥೆ ಅದೇ, ಆರ್.ಡಿ. ಬರ್ಮನ್ ಅವರ ಸಂಗೀತ. ಆದರೂ ಅದು ಕನ್ನಡದ ಚಿತ್ರದಂತೆ ಜನರ ಮನಸ್ಸಿನಲ್ಲಿ ನಿಲ್ಲಲಿಲ್ಲ, ‘ಓ ಹಂಸಿನಿ’ ಎಂಬ ಹಾಡು ಮಾತ್ರ ನಿಂತಿತು. ದುರ್ಗದವರ ಮಾತಿನ ಗತ್ತು, ಮೇಷ್ಟರೆಂಬ ಸ್ಥಾನಕ್ಕೆ ನಮ್ಮ ಊರುಗಳಲ್ಲಿದ್ದ ಅಧಿಕಾರ, ಮಡಿವಂತ ಮನೆಯ ಗೋಡೆಗಳು, ಇವನ್ನೆಲ್ಲ ಭಾಷೆಯಿಂದ ಬಿಡಿಸಿ ಒಯ್ಯುವುದು ಆಗದ ಕೆಲಸ. ಊರಿನಲ್ಲಿ ಬೇರುಬಿಟ್ಟ ಕಥೆಯ ರಿಮೇಕ್ ಎದುರಾದಾಗ, ಸಮಯವಿಲ್ಲದವರು ಅದನ್ನು ಹಿಂಜರಿಯದೆ ಬಿಡಬಹುದು.

ಸಣ್ಣಕಥೆಯಿಂದ ಬಂದ ಚಿತ್ರಗಳ ಲೆಕ್ಕವೇ ಬೇರೆ. ಅಲ್ಲಿ ಕತ್ತರಿಸುವ ಅಗತ್ಯ ಬೀಳುವುದಿಲ್ಲ, ಬೆಳೆಸಲು ಜಾಗವಿರುತ್ತದೆ. ಗಿರೀಶ್ ಕಾಸರವಳ್ಳಿ ಅವರ ‘ಘಟಶ್ರಾದ್ಧ’ (1977) ಅನಂತಮೂರ್ತಿ ಅವರ ಕಥೆಯನ್ನು ಹುಡುಗ ನಾಣಿಯ ಕಣ್ಣಳತೆಯಲ್ಲಿ ಇಟ್ಟು ನೋಡುತ್ತದೆ: ಅವನಿಗೆ ಅರ್ಥವಾದಷ್ಟು, ಅರ್ಥವಾಗದೆ ಹೆದರಿಸಿದಷ್ಟು. ಪೂರ್ಣಚಂದ್ರ ತೇಜಸ್ವಿ ಅವರ ಕಥೆಯಿಂದ ಬಂದ ‘ತಬರನ ಕಥೆ’ಯೂ ಹೀಗೆಯೇ ಗೆದ್ದ ಚಿತ್ರ. ಇವುಗಳಲ್ಲಿ ಯಾವುದು ಮೊದಲು ಎಂದು ತಲೆ ಕೆಡಿಸಿಕೊಳ್ಳಬೇಕಿಲ್ಲ, ಒಂದೇ ದಿನದಲ್ಲಿ ಎರಡೂ ಮುಗಿಯುತ್ತವೆ. ‘ಘಟಶ್ರಾದ್ಧ’ದ ಪುನರುಜ್ಜೀವಿತ ಪ್ರತಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನಗೊಂಡಿತು; ಮಸುಕಾದ ಹಳೆಯ ಪ್ರತಿಯಲ್ಲಿ ನೋಡಿದವರು ಅವಕಾಶ ಸಿಕ್ಕರೆ ಅದನ್ನು ಮತ್ತೊಮ್ಮೆ ನೋಡಬೇಕು. ಅದೇ ಕಥೆಯನ್ನಾಧರಿಸಿದ ಅರುಣ್ ಕೌಲ್ ಅವರ ಹಿಂದಿ ಚಿತ್ರ ‘ದೀಕ್ಷಾ’ವೂ ಇದೆ, ಅದನ್ನು ಎರಡನೆಯದಾಗಿ ಇಟ್ಟುಕೊಳ್ಳುವುದು ಮೇಲು.

ಏಳುನೂರು ಪುಟಗಳನ್ನು ಏನು ಮಾಡುವುದು

ಬೃಹತ್ ಕಾದಂಬರಿಗಳ ಮುಂದೆ ಎರಡು ಗಂಟೆಯ ಚಿತ್ರ ಸೋಲುವುದೇ ಹೆಚ್ಚು. ಕುವೆಂಪು ಅವರ ‘ಕಾನೂರು ಹೆಗ್ಗಡತಿ’ಯನ್ನು (1936) ಕಾರ್ನಾಡ 1999ರಲ್ಲಿ ಚಿತ್ರವಾಗಿಸಿದರು. ತಾರಾ ಅವರ ಸುಬ್ಬಮ್ಮ, ಕಾರ್ನಾಡರದೇ ಚಂದ್ರೇಗೌಡ, ಇಬ್ಬರೂ ನೆನಪಿನಲ್ಲಿ ಉಳಿಯುವಂಥವರು. ಆದರೆ ಕಾದಂಬರಿಯಲ್ಲಿ ಮನೆಯ ಜಗಳದಷ್ಟೇ ಮಹತ್ವ ಕಾಡಿಗೆ, ಬೇಟೆಗೆ, ಆಳುಮಕ್ಕಳ ಮಾತಿಗೆ, ಹೂವಯ್ಯನ ಧ್ಯಾನಕ್ಕೆ ಇದೆ; ಚಿತ್ರದಲ್ಲಿ ಮನೆಯ ಜಗಳವೇ ಮುಂದೆ ಬಂದು ನಿಲ್ಲುತ್ತದೆ. ಚಿತ್ರವನ್ನು ನೋಡಿ ಕಾದಂಬರಿ ಗೊತ್ತು ಎಂದುಕೊಳ್ಳುವುದು ಇಲ್ಲಿ ಅಪಾಯ.

‘ಮಲೆಗಳಲ್ಲಿ ಮದುಮಗಳು’ (1967) ಬೇರೆ ದಾರಿ ಹಿಡಿಯಿತು. ಮೈಸೂರಿನ ನಾಟಕ ಸಂಸ್ಥೆ ರಂಗಾಯಣ 2010ರಲ್ಲಿ ಅದನ್ನು ರಂಗಕ್ಕೆ ತಂದಾಗ ಕೆ.ವೈ. ನಾರಾಯಣಸ್ವಾಮಿ ಅವರ ರಂಗರೂಪ, ಹಂಸಲೇಖ ಅವರ ಸಂಗೀತ, ಸಿ. ಬಸವಲಿಂಗಯ್ಯ ಅವರ ನಿರ್ದೇಶನದಲ್ಲಿ ಅದು ಸುಮಾರು ಒಂಬತ್ತು ಗಂಟೆಗಳ, ಇಡೀ ರಾತ್ರಿಯ ಪ್ರಯೋಗವಾಯಿತು. ಮುಂದೆ ಬೆಂಗಳೂರಿನ ಕಲಾಗ್ರಾಮದಲ್ಲಿಯೂ ನಡೆಯಿತು. ಬಯಲಿನಲ್ಲಿ, ಬೇರೆ ಬೇರೆ ರಂಗಸ್ಥಳಗಳಲ್ಲಿ ನಡೆಯುವ ಆಟ ಅದು. ಪ್ರೇಕ್ಷಕರೂ ಒಂದು ಕಡೆಯಿಂದ ಎದ್ದು ಇನ್ನೊಂದು ಕಡೆಗೆ ಹೋಗುತ್ತಾರೆ. ಕರಾವಳಿ, ಮಲೆನಾಡುಗಳಲ್ಲಿ ಬೆಳಗಿನವರೆಗೆ ಯಕ್ಷಗಾನ ನೋಡಿ ಬೆಳೆದವರಿಗೆ ಈ ಬಗೆಯ ನೋಟ ಹೊಸದೇನಲ್ಲ. ಯಾರೂ ಮುಖ್ಯರಲ್ಲ, ಯಾರೂ ಅಮುಖ್ಯರಲ್ಲ ಎಂಬ ನೆಲೆಯಲ್ಲಿ ನಿಂತ ಕಾದಂಬರಿಗೆ ಚಿತ್ರಮಂದಿರದ ಒಬ್ಬ ನಾಯಕ, ಒಬ್ಬ ನಾಯಕಿ ಎಂಬ ಚೌಕಟ್ಟು ಒಗ್ಗದು. ರಾತ್ರಿಯಿಡೀ ಗುತ್ತಿ, ತಿಮ್ಮಿ, ಐತ, ಪೀಂಚಲು, ನಾಯಿ ಹುಲಿಯ ಎಲ್ಲರೂ ತಮ್ಮ ತಮ್ಮ ಪಾಲಿನ ಹೊತ್ತನ್ನು ಪಡೆಯುವ ರಂಗಪ್ರಯೋಗ ಒಗ್ಗುತ್ತದೆ. ಕಾದಂಬರಿಯನ್ನು ಹಿಡಿದು ನೂರು ಪುಟಕ್ಕೆ ಕೈಬಿಟ್ಟವರು ಹಲವರಿದ್ದಾರೆ. ಅಂಥವರಿಗೆ ನನ್ನ ಸಲಹೆ, ಪ್ರಯೋಗ ನಡೆಯುವ ಸುದ್ದಿ ಬಂದರೆ ಕಂಬಳಿಯೊಂದನ್ನು ಹಿಡಿದುಕೊಂಡು ಮೊದಲು ಅಲ್ಲಿಗೇ ಹೋಗಿ. ಪಾತ್ರಗಳ ಹೆಸರು, ಸಂಬಂಧ, ಊರುಗಳ ದಿಕ್ಕು ಒಮ್ಮೆ ತಲೆಯೊಳಗೆ ಕುಳಿತರೆ ಕಾದಂಬರಿ ತಾನಾಗಿಯೇ ಸಾಗುತ್ತದೆ. ಇದೇ ಮಾತನ್ನು ಭೈರಪ್ಪನವರ ‘ಪರ್ವ’ದ ಬಗ್ಗೆ ಹೇಳಲು ನಾನು ಹಿಂಜರಿಯುತ್ತೇನೆ. ಪ್ರಕಾಶ್ ಬೆಳವಾಡಿ ಅವರ ನಿರ್ದೇಶನದಲ್ಲಿ ರಂಗಾಯಣವೇ 2021ರಲ್ಲಿ ಅದನ್ನೂ ದೀರ್ಘ ನಾಟಕವಾಗಿ ಆಡಿತು. ಆದರೆ ‘ಪರ್ವ’ ಪಾತ್ರಗಳ ನೆನಪಿನೊಳಗೆ ನಡೆಯುವ ಮಹಾಭಾರತ, ಆದ್ದರಿಂದ ಅಲ್ಲಿ ಓದಿಯೇ ಹೋಗುವುದು ಒಳ್ಳೆಯದು.

ಧಾರಾವಾಹಿಗೆ ಹೊಂದುವ ಕಥೆಗಳೂ ಇವೆ. ಭೈರಪ್ಪನವರ ‘ಗೃಹಭಂಗ’ವನ್ನು ಕಾಸರವಳ್ಳಿ ಕಿರುತೆರೆಗೆ ತಂದಾಗ, ನಂಜಮ್ಮ ಒಂದರ ಹಿಂದೆ ಒಂದು ಕಷ್ಟವನ್ನು ಎದುರಿಸುತ್ತ ಹೋಗುವ ವರ್ಷಗಳ ಓಟಕ್ಕೆ ಕಂತುಗಳ ವಿಸ್ತಾರ ನೆರವಾಯಿತು. ಆರ್.ಕೆ. ನಾರಾಯಣ್ ಅವರ ಕಥೆಗಳಿಂದ ಶಂಕರನಾಗ್ ಮಾಡಿದ ‘ಮಾಲ್ಗುಡಿ ಡೇಸ್’ ಇದಕ್ಕೆ ವ್ಯತಿರಿಕ್ತವಾಗಿ ಸಣ್ಣ ಅಳತೆಯ ಗೆಲುವು: ಕಥೆ ಚಿಕ್ಕದು, ಕಂತೂ ಚಿಕ್ಕದು, ಆಗುಂಬೆಯ ಬೀದಿ ಕಲ್ಪನೆಯ ಊರಿಗೆ ಸರಿಯಾಗಿ ಹೊಂದಿಕೊಂಡಿತು. ಮನೆಯಲ್ಲಿ ಮಕ್ಕಳಿದ್ದರೆ ಅದನ್ನು ತೋರಿಸಿಯೇ ಪುಸ್ತಕ ಕೊಡಬಹುದು.

ಗುಟ್ಟಿನ ಕಥೆ ಮತ್ತು ರಿಮೇಕುಗಳ ಸಾಲು

ಇಲ್ಲಿಯವರೆಗಿನ ಕಥೆಗಳಲ್ಲಿ ಎರಡನೆಯ ಅವಕಾಶವಿದೆ. ತಪ್ಪು ರೂಪವನ್ನು ಮೊದಲು ನೋಡಿದರೂ ಸರಿಪಡಿಸಿಕೊಳ್ಳಬಹುದು. ಗುಟ್ಟಿನ ಮೇಲೆ ನಿಂತ ಕಥೆಗೆ ಆ ಸೌಲಭ್ಯವಿಲ್ಲ. ಯಾವುದನ್ನು ಮೊದಲು ನೋಡುತ್ತೀರೋ ಅದೇ ನಿಮ್ಮ ಪಾಲಿನ ಚಿತ್ರ. ಉಳಿದವು ಹೋಲಿಕೆಯ ವಸ್ತುಗಳಾಗಿಬಿಡುತ್ತವೆ. ಆದ್ದರಿಂದ ಹೆಚ್ಚು ಯೋಚಿಸಬೇಕಾದದ್ದು ಇಲ್ಲಿಯೇ.

ಫಾಜಿಲ್ ಅವರ ‘ಮಣಿಚಿತ್ರತ್ತಾಳ್’ 1993ರ ಮಲಯಾಳ ಚಿತ್ರ. ಪಿ. ವಾಸು ಅದನ್ನು 2004ರಲ್ಲಿ ‘ಆಪ್ತಮಿತ್ರ’ವಾಗಿ ಕನ್ನಡಕ್ಕೂ, 2005ರಲ್ಲಿ ‘ಚಂದ್ರಮುಖಿ’ಯಾಗಿ ತಮಿಳಿಗೂ ತಂದರು; ಪ್ರಿಯದರ್ಶನ್ 2007ರಲ್ಲಿ ‘ಭೂಲ್ ಭುಲೈಯಾ’ ಎಂದು ಹಿಂದಿಗೆ ಒಯ್ದರು. ಮೂಲ ಚಿತ್ರದ ಎರಡನೆಯ ಚಿತ್ರೀಕರಣ ತಂಡದಲ್ಲಿ ಪ್ರಿಯದರ್ಶನ್ ಅವರೂ ದುಡಿದಿದ್ದರು. ಗುಟ್ಟು ಏನೆಂದು ಇಲ್ಲಿ ಬಿಡಿಸುವುದಿಲ್ಲ. ಇಷ್ಟು ವರ್ಷಗಳ ನಂತರವೂ ಅದನ್ನು ತಿಳಿಯದೆ ಉಳಿದ ಪುಣ್ಯವಂತರು ಇದ್ದಾರು.

ಈ ನಾಲ್ಕನ್ನೂ ಹೋಲಿಸಲು ಒಳ್ಳೆಯ ಸಾಧನವೆಂದರೆ ಹಳೆಯ ಮನೆಯ ನರ್ತಕಿ ಆಡುವ ಭಾಷೆ. ಮಲಯಾಳದ ಚಿತ್ರದಲ್ಲಿ ಅವಳು ತಂಜಾವೂರಿನವಳು, ಅವಳ ನುಡಿ ತಮಿಳು. ಕೇರಳದ ತರವಾಡಿನಲ್ಲಿ, ಅಂದರೆ ಹಳೆಯ ಕುಟುಂಬದ ಮನೆಯಲ್ಲಿ, ಆ ನುಡಿ ಕೇಳಿದಾಗ ಮೈ ಜುಮ್ಮೆನ್ನುತ್ತದೆ. ಕನ್ನಡದಲ್ಲಿ ಅವಳನ್ನು ತೆಲುಗಿನವಳನ್ನಾಗಿಸಿದರು, ಆ ಪ್ರಸಿದ್ಧ ‘ರಾ ರಾ’ ಹಾಡು ಹಾಗೆ ಹುಟ್ಟಿದ್ದು. ತಮಿಳಿನ ಪ್ರೇಕ್ಷಕರಿಗೆ ತಮಿಳು ಪರಕೀಯವಾಗದ ಕಾರಣ ಅಲ್ಲಿಯೂ ತೆಲುಗೇ ಆಯಿತು, ಹಿಂದಿಯಲ್ಲಿ ಬಂಗಾಳಿ. ಪಕ್ಕದ ನಾಡಿನ ಭಾಷೆ ಅರ್ಧ ಅರ್ಥವಾಗಿ ಅರ್ಧ ಹೆದರಿಸಬೇಕು, ಅದು ಇದರ ಮರ್ಮ. ರಿಮೇಕ್ ಮಾಡುವವರು ನಿಜವಾಗಿ ತಲೆ ಉಪಯೋಗಿಸಿದ್ದು ಈ ಒಂದು ಜಾಗದಲ್ಲಿ ಎಂದು ನನಗೆ ಅನ್ನಿಸುತ್ತದೆ.

ಮಿಕ್ಕಂತೆ ಮೂಲದ ತೂಕವೇ ಬೇರೆ. ಅದರಲ್ಲಿ ಮೋಹನ್‌ಲಾಲ್ ಬರುವುದು ಕಥೆ ಸಾಕಷ್ಟು ಮುಂದೆ ಸಾಗಿದ ಮೇಲೆ. ಅಷ್ಟರವರೆಗೆ ಮನೆ, ಮನೆಯವರು ಮತ್ತು ಶೋಭನಾ ನಿಭಾಯಿಸಿದ ಗಂಗೆಯ ಪಾತ್ರ ನಮ್ಮನ್ನು ಹಿಡಿದಿರುತ್ತವೆ. ಶೋಭನಾ ಅವರಿಗೆ ರಾಷ್ಟ್ರಪ್ರಶಸ್ತಿ ತಂದುಕೊಟ್ಟ ಪಾತ್ರ ಅದು. ರಜನೀಕಾಂತ್ ಅವರ ‘ಚಂದ್ರಮುಖಿ’ಯಲ್ಲಿ ತಾರೆಯ ಪ್ರವೇಶ, ಹಾಡು, ಹೊಡೆದಾಟಗಳಿಗೆ ಮೊದಲೇ ಜಾಗ ಮಾಡಿಕೊಡಬೇಕಾಯಿತು. ‘ಆಪ್ತಮಿತ್ರ’ ನಡುವಿನಲ್ಲಿ ನಿಲ್ಲುತ್ತದೆ: ವಿಷ್ಣುವರ್ಧನರ ಅಭಿಮಾನಿಗಳಿಗೆ ಬೇಕಾದದ್ದೂ ಇದೆ, ಸೌಂದರ್ಯ ಅವರ ಅಭಿನಯವೂ ಇದೆ. ಚಿತ್ರ ಬಿಡುಗಡೆಯಾಗುವ ಕೆಲವೇ ತಿಂಗಳ ಮೊದಲು ಅವರು ವಿಮಾನ ದುರಂತದಲ್ಲಿ ತೀರಿಕೊಂಡಿದ್ದರಿಂದ, ಅಂದು ಚಿತ್ರಮಂದಿರದಲ್ಲಿ ಅದನ್ನು ನೋಡಿದವರಿಗೆ ಆ ಪಾತ್ರ ಬೇರೆಯೇ ರೀತಿಯಲ್ಲಿ ತಟ್ಟಿತ್ತು. ಗುಟ್ಟು ತಿಳಿಯದವರು ಮಲಯಾಳದ ಮೂಲವನ್ನೇ ಮೊದಲು ನೋಡಲಿ. ತಿಳಿದವರು ಇಷ್ಟದ ನಟರನ್ನು ಅನುಸರಿಸಿ ಉಳಿದದ್ದನ್ನು ಆರಿಸಿಕೊಳ್ಳಲಿ.

‘ದೃಶ್ಯಂ’ ಸರಣಿಯಲ್ಲಿ ಇಷ್ಟು ಅಂತರವಿಲ್ಲ. ಜೀತು ಜೋಸೆಫ್ ಅವರ 2013ರ ಚಿತ್ರಕಥೆ ಗಡಿಯಾರದಂತೆ ಬಿಗಿಯಾಗಿರುವುದರಿಂದ ಬೇರೆ ಭಾಷೆಯವರು ಅದನ್ನು ಹೆಚ್ಚು ಕದಲಿಸಲಿಲ್ಲ. ರವಿಚಂದ್ರನ್ ಅವರ ‘ದೃಶ್ಯ’, ಕಮಲ್ ಹಾಸನ್ ಅವರ ‘ಪಾಪನಾಶಂ’, ಅಜಯ್ ದೇವಗನ್ ಅವರ ಹಿಂದಿ ಚಿತ್ರ, ಚೀನಾದಲ್ಲಿ ತೆರೆಕಂಡ ರೂಪ, ಎಲ್ಲದರಲ್ಲಿಯೂ ಸಿನಿಮಾ ನೋಡಿ ನೋಡಿಯೇ ಬುದ್ಧಿ ಕಲಿತ ಸಾಮಾನ್ಯ ಗೃಹಸ್ಥನೇ ನಾಯಕ. ಆಶಾ ಶರತ್ ಮಲಯಾಳ, ಕನ್ನಡ, ತಮಿಳು ಮೂರರಲ್ಲಿಯೂ ಅದೇ ಪೊಲೀಸ್ ಅಧಿಕಾರಿಯಾಗಿ ನಟಿಸಿದ್ದಾರೆ. ಇಲ್ಲಿ ನಿಮಗೆ ಹೆಚ್ಚು ಸಲೀಸಾದ ಭಾಷೆಯದನ್ನೇ ನೋಡಿ. ಒಂದು ಸಂಭಾಷಣೆ ತಪ್ಪಿದರೆ ಒಂದು ಸುಳಿವೇ ತಪ್ಪಿದಂತಾಗುತ್ತದೆ.

ಕನ್ನಡದಿಂದ ಹೊರಗೆ ಹೋದ ಗುಟ್ಟಿನ ಕಥೆಗಳಲ್ಲಿ ಪವನ್ ಕುಮಾರ್ ಅವರ ‘ಯೂ ಟರ್ನ್’ (2016) ಒಳ್ಳೆಯ ಉದಾಹರಣೆ. 2018ರಲ್ಲಿ ಅವರೇ ಸಮಂತಾ ಅವರನ್ನಿಟ್ಟುಕೊಂಡು ತಮಿಳು, ತೆಲುಗುಗಳಲ್ಲಿ ಮತ್ತೆ ಮಾಡಿದರು. ಕಥೆ ಹುಟ್ಟಿದ್ದು ಬೆಂಗಳೂರಿನ ಡಬಲ್ ರೋಡ್ ಮೇಲ್ಸೇತುವೆಯ ಮೇಲೆ ವಿಭಜಕದ ಕಲ್ಲುಗಳನ್ನು ಸರಿಸಿ ವಾಹನ ತಿರುಗಿಸಿಕೊಳ್ಳುವ ಸವಾರರಿಂದ. ಆ ಮೇಲ್ಸೇತುವೆಯ ಮೇಲೆ ಓಡಾಡಿದವರಿಗೆ ಕನ್ನಡದ ಚಿತ್ರವೇ ಸರಿ.

ಮೂಲ, ಡಬ್ಬಿಂಗ್, ರಿಮೇಕ್

ಕೆಲವು ವರ್ಷಗಳ ಹಿಂದಿನವರೆಗೆ ಕನ್ನಡ ಪ್ರೇಕ್ಷಕರಿಗೆ ಈ ಮೂರರ ನಡುವೆ ಆಯ್ಕೆಯೇ ಇರಲಿಲ್ಲ. ಚಿತ್ರೋದ್ಯಮ ದಶಕಗಳ ಕಾಲ ಡಬ್ಬಿಂಗನ್ನು ದೂರವಿಟ್ಟಿತ್ತು. ಪರಭಾಷೆಯ ಕಥೆ ಕನ್ನಡದಲ್ಲಿ ಬೇಕೆಂದರೆ ರಿಮೇಕೇ ಗತಿ. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಈ ತಡೆಯ ವಿರುದ್ಧ ಆದೇಶ ನೀಡಿದ ಮೇಲೆ ದಾರಿ ತೆರೆಯಿತು. ಈಗ ಓಟಿಟಿ ವೇದಿಕೆಗಳಲ್ಲಿ ಒಂದೇ ಚಿತ್ರಕ್ಕೆ ಮೂಲ ದನಿ, ಕನ್ನಡ ದನಿ, ಉಪಶೀರ್ಷಿಕೆ ಮೂರೂ ಸಿಗುವುದುಂಟು.

ಕ್ರೈಮ್, ಸಾಹಸ, ಪುರಾಣದ ಚಿತ್ರಗಳಿಗೆ ಕನ್ನಡ ಡಬ್ಬಿಂಗ್ ಸಾಮಾನ್ಯವಾಗಿ ಸಾಕಾಗುತ್ತದೆ, ಕಥೆ ಕೈತಪ್ಪುವುದಿಲ್ಲ. ಹಾಸ್ಯಚಿತ್ರಗಳಿಗೆ ಡಬ್ಬಿಂಗ್ ಬೇಡವೇ ಬೇಡ. ತುಟಿಯ ಚಲನೆಗೆ ಹೊಂದಿಸಲು ಹೋಗಿ ಮಾತಿನ ಲಯ ಸತ್ತಿರುತ್ತದೆ. ಅಲ್ಲಿ ಉಪಶೀರ್ಷಿಕೆಯೊಡನೆ ಮೂಲ ಅಥವಾ ಕನ್ನಡದ ಸೊಗಡಿನಲ್ಲಿ ಹೊಸದಾಗಿ ಬರೆದ ರಿಮೇಕ್, ಎರಡರಲ್ಲಿ ಒಂದು. ಮನೆಯ ಹಿರಿಯರ ಜೊತೆ ಕುಳಿತು ನೋಡುವುದಾದರೆ ಲೆಕ್ಕಾಚಾರ ಬದಲಾಗುತ್ತದೆ, ಏಕೆಂದರೆ ಓಡುವ ಅಕ್ಷರಗಳನ್ನು ಓದುವುದು ಅವರಿಗೆ ಶ್ರಮ. ‘ಮಣಿಚಿತ್ರತ್ತಾಳ್’ ಎಷ್ಟೇ ಮೇಲೆಂದು ನಾನು ವಾದಿಸಿದರೂ, ಅಜ್ಜಿಯ ಪಕ್ಕದಲ್ಲಿ ಕುಳಿತು ನೋಡುವವರು ‘ಆಪ್ತಮಿತ್ರ’ವನ್ನೇ ಹಾಕಲಿ, ಮತ್ತು ಅಜ್ಜಿ ಅದನ್ನು ಮೊದಲೇ ನೋಡಿದ್ದರೆ ಗುಟ್ಟನ್ನು ಹೇಳಬೇಡಿ ಎಂದು ಮುಂಚಿತವಾಗಿ ಕೇಳಿಕೊಳ್ಳಲಿ.